ಡಿಎಚ್‌ಸಿಪಿ ಆಫ್ ಮಾಡುವುದು ಪರಿಹಾರವಲ್ಲ

ಸಂಪಾದಕರಿಗೆ,

ಮಾನ್ಯರೇ,

ವೈಫೈ ಕೈಕೊಟ್ಟಾಗ ಏನು ಮಾಡಬೇಕೆಂದು ತಂತ್ರಜ್ಞಾನ ಅಂಕಣಗಳಲ್ಲಿ ಪದೇ ಪದೇ ಕಾಣುವ ಸಲಹೆಗಳು ಎರಡು. ರೌಟರನ್ನು ಆಫ್ ಮಾಡಿ ಆನ್ ಮಾಡಿ ಎನ್ನುವುದು ಒಂದು. ಅದರಿಂದ ಕೆಲವೊಮ್ಮೆ ಕೆಲಸ ಆಗುತ್ತದೆ, ಯಾಕೆ ಆಯಿತೆಂಬುದು ಮಾತ್ರ ತಿಳಿಯುವುದಿಲ್ಲ. ರೌಟರಿನಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅವುಗಳ ಸಂಖ್ಯೆಯನ್ನು ತಾನಾಗಿ ಹಂಚುವ ವ್ಯವಸ್ಥೆ) ಆಫ್ ಮಾಡಿ ಪ್ರತಿಯೊಂದು ಸಾಧನಕ್ಕೂ ಕೈಯಾರೆ ಐಪಿ ವಿಳಾಸ ತುಂಬಿ ಎನ್ನುವುದು ಇನ್ನೊಂದು. ಹಾಗೆ ಮಾಡಿದರೆ ಭದ್ರತೆಯೂ ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ ಎಂಬ ಮಾತು ಅದರ ಬಾಲದಂತೆ ಬರುತ್ತದೆ. ಈ ಎರಡನೆಯ ಸಲಹೆ ತಪ್ಪು. ನೆಟ್‌ವರ್ಕ್ ಹಾಕಿ ನಿಭಾಯಿಸುವ ಕೆಲಸದಲ್ಲಿರುವ ನಾವು, ಅದು ತಪ್ಪು ಯಾಕೆ ಮತ್ತು ಡಿಎಚ್‌ಸಿಪಿಯನ್ನು ಹೊಂದಿಸುವ ಸರಿಯಾದ ಬಗೆ ಯಾವುದು ಎಂದು ಇಲ್ಲಿ ವಿವರವಾಗಿ ಬರೆದಿದ್ದೇವೆ. ಪತ್ರ ಉದ್ದವಾಗಿದೆ, ಕ್ಷಮೆ ಇರಲಿ.

ವೇಗದ ವಿಷಯ ಬೇಗ ಮುಗಿಯುತ್ತದೆ. ಸಾಧನವೊಂದು ನೆಟ್‌ವರ್ಕಿಗೆ ಸೇರುವಾಗ ಡಿಎಚ್‌ಸಿಪಿಯಲ್ಲಿ ನಡೆಯುವುದು ನಾಲ್ಕು ಪ್ಯಾಕೆಟ್‌ಗಳ (ಸಣ್ಣ ಸಂದೇಶಗಳ) ಮಾತುಕತೆ, ಅಷ್ಟೇ. ವಿಳಾಸ ಕೊಡುವವರು ಯಾರಾದರೂ ಇದ್ದೀರಾ ಎಂದು ಸಾಧನ ಎಲ್ಲರಿಗೂ ಕೇಳುವಂತೆ ಕೂಗುತ್ತದೆ; ಇದು ಡಿಸ್ಕವರ್. ವಿಳಾಸ ಹಂಚುವ ಸರ್ವರ್ (ಮನೆಯಲ್ಲಿ ರೌಟರೇ) ಒಂದು ವಿಳಾಸವನ್ನು ಮುಂದಿಡುತ್ತದೆ, ಅದು ಆಫರ್. ಅದನ್ನೇ ಕೊಡಿ ಎಂದು ಸಾಧನ ಕೇಳುವುದು ರಿಕ್ವೆಸ್ಟ್, ಸರಿ ಎಂದು ಸರ್ವರ್ ಒಪ್ಪುವುದು ಎಸಿಕೆ. ಮಾತುಕತೆ ಮುಗಿದ ಮೇಲೆ ಸಿನಿಮಾ ನೋಡಿದರೂ ಫೈಲ್ ಇಳಿಸಿಕೊಂಡರೂ ಆ ದಟ್ಟಣೆಗೂ ಡಿಎಚ್‌ಸಿಪಿಗೂ ಸಂಬಂಧವಿಲ್ಲ. ವೇಗ ಹೆಚ್ಚುವ ಮಾತು ಎಲ್ಲಿಂದ ಹುಟ್ಟಿತೋ!

ಭದ್ರತೆಯ ವಾದವೂ ನಿಲ್ಲುವುದಿಲ್ಲ. ವೈಫೈ ಪಾಸ್‌ವರ್ಡ್ ತಿಳಿದು ಒಳಗೆ ಬಂದವನಿಗೆ, ಸುಮ್ಮನೆ ಕಿವಿಗೊಟ್ಟು ಕೂತರೆ ಉಳಿದ ಸಾಧನಗಳ ಎಆರ್‌ಪಿ ಪ್ಯಾಕೆಟ್‌ಗಳು (ಈ ಐಪಿ ವಿಳಾಸ ಯಾರದ್ದು ಎಂದು ಕೇಳುವ ಸಂದೇಶಗಳು) ಕೇಳಿಸುತ್ತವೆ. ಯಾವ ಸಂಖ್ಯೆಗಳು ಬಳಕೆಯಲ್ಲಿವೆ ಎಂದು ಅವೇ ಹೇಳಿಬಿಡುತ್ತವೆ. ಖಾಲಿ ಇರುವ ಒಂದನ್ನು ತನಗೆ ತಾನೇ ಹಾಕಿಕೊಳ್ಳುವುದು ಒಂದೆರಡು ನಿಮಿಷದ ಕೆಲಸ. ಬಾಗಿಲಿನ ಬೀಗ ಎಂದರೆ ವೈಫೈ ಪಾಸ್‌ವರ್ಡ್. ಡಿಎಚ್‌ಸಿಪಿ ಒಳಗೆ ಬಂದವರಿಗೆ ಕುರ್ಚಿ ತೋರಿಸುವ ಆಳು. ಆಳನ್ನು ಮನೆಗೆ ಕಳಿಸಿದರೆ ಕಳ್ಳನಿಗೆ ನಷ್ಟವಿಲ್ಲ. ಕಷ್ಟಪಡುವವರು ಮನೆಯವರೇ: ಕೈಯಾರೆ ವಿಳಾಸ ಹಾಕಿದ ಲ್ಯಾಪ್‌ಟಾಪ್ ಬೇರೆ ಕಡೆಯ ನೆಟ್‌ವರ್ಕಿನಲ್ಲಿ ಕೆಲಸ ಮಾಡುವುದಿಲ್ಲ, ರೌಟರ್ ಬದಲಾದ ದಿನ ಟಿವಿ, ಕ್ಯಾಮೆರಾ, ಪ್ರಿಂಟರ್ ಎಲ್ಲದರ ಮೆನುವನ್ನೂ ಒಂದೊಂದಾಗಿ ಹೊಕ್ಕು ತಿದ್ದಬೇಕಾಗುತ್ತದೆ. ಈ ತೊಂದರೆಯನ್ನು ತಪ್ಪಿಸಲೆಂದೇ 1993ರಲ್ಲಿ ಡಿಎಚ್‌ಸಿಪಿಯ ಮೊದಲ ನಿಯಮಾವಳಿ ಬಂತು. ಇಂದಿಗೂ ಆಧಾರವಾಗಿರುವ ನಿಯಮಾವಳಿ, ಆರ್‌ಎಫ್‌ಸಿ 2131, ಪ್ರಕಟವಾದದ್ದು 1997ರಲ್ಲಿ.

ಇನ್ನು ಹೊಂದಿಸುವ ಕ್ರಮ. ಡಿಎಚ್‌ಸಿಪಿ ಪುಟ ತೆರೆಯುವ ಮುಂಚೆ ಒಂದು ಹಾಳೆ ತೆಗೆದುಕೊಂಡು ವಿಳಾಸಗಳ ಹಂಚಿಕೆಯನ್ನು ಬರೆದುಕೊಳ್ಳಬೇಕು. ಖಾಸಗಿ ನೆಟ್‌ವರ್ಕ್‌ಗಳಿಗೆಂದು ಬಿಟ್ಟಿರುವ ಸಾಲುಗಳು ಮೂರು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಬಹುಪಾಲು ರೌಟರ್‌ಗಳು ಕಾರ್ಖಾನೆಯಿಂದ 192.168.0.1 ಅಥವಾ 192.168.1.1 ಎಂಬ ವಿಳಾಸ ಹೊತ್ತು ಬರುತ್ತವೆ. ಅದನ್ನೇ ಉಳಿಸಿಕೊಂಡರೆ ನಡೆಯುತ್ತದೆ, ಆದರೆ ಎರಡು ಕಡೆ ಪೆಟ್ಟು ತಿನ್ನುವ ಸಂಭವ ಇದೆ. ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಕಚೇರಿಗೆ ಸೇರುವಾಗ ಎರಡೂ ಬದಿಯಲ್ಲಿ 192.168.1 ಇದ್ದರೆ, 192.168.1.20 ಎಂಬ ಕಚೇರಿಯ ಸರ್ವರನ್ನು ಹುಡುಕುವ ಲ್ಯಾಪ್‌ಟಾಪ್ ತನ್ನ ಮನೆಯಲ್ಲೇ ಅದನ್ನು ಹುಡುಕುತ್ತ ಕೂರುತ್ತದೆ. ಇಂಟರ್ನೆಟ್ ಕಂಪನಿ ಕೊಟ್ಟ ಮೋಡೆಮ್ ತಾನೂ ರೌಟರ್ ಆಗಿದ್ದು, ಅದರ ಹಿಂದೆ ನಮ್ಮ ರೌಟರ್ ಇಟ್ಟಾಗ ಎರಡರದ್ದೂ ಒಂದೇ ಸಾಲಾದರೆ, ಪ್ಯಾಕೆಟನ್ನು ಒಳಗೆ ಕಳಿಸಬೇಕೋ ಹೊರಗೆ ಕಳಿಸಬೇಕೋ ಎಂದು ನಮ್ಮ ರೌಟರಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಮೂರನೆಯ ಸಂಖ್ಯೆಯನ್ನು ಜನ ಸಾಮಾನ್ಯವಾಗಿ ಆರಿಸದ ಒಂದಕ್ಕೆ ಬದಲಿಸುವುದು ಒಳ್ಳೆಯದು. ಈ ಪತ್ರದ ಉದಾಹರಣೆಗೆ 192.168.37 ಇರಲಿ, ಮಾಸ್ಕ್ (ವಿಳಾಸದ ಎಷ್ಟು ಭಾಗ ಇಡೀ ನೆಟ್‌ವರ್ಕಿಗೆ ಸೇರಿದ್ದು ಎಂದು ಹೇಳುವ ಸಂಖ್ಯೆ) 255.255.255.0. ಅದರಲ್ಲಿ ಬಳಸಲು ಸಿಗುವ ವಿಳಾಸಗಳು 254, ಅದರಲ್ಲೊಂದು ರೌಟರಿಗೆ.

ಈ ಬದಲಾವಣೆಯನ್ನು ವೈಫೈ ಮೂಲಕ ಮಾಡಬೇಡಿ, ಕೇಬಲ್ ಹಾಕಿಕೊಂಡು ಮಾಡಿ. ಮೊದಲು ಲ್ಯಾನ್ ವಿಳಾಸ (ಒಳಗಿನ ನೆಟ್‌ವರ್ಕಿನಲ್ಲಿ ರೌಟರಿನದೇ ವಿಳಾಸ), ಆಮೇಲೆ ಪೂಲ್, ಕೊನೆಗೆ ಕಾಯ್ದಿರಿಸುವಿಕೆ; ಕೊನೆಯ ಎರಡು ಏನೆಂದು ಮುಂದೆ ಹೇಳಿದ್ದೇವೆ. ಕ್ರಮ ತಪ್ಪಿದರೆ ಪೂಲ್ ಹಳೆಯ ಸಾಲಿನಲ್ಲೇ ಉಳಿದು ರೌಟರ್ ತನ್ನದಲ್ಲದ ವಿಳಾಸಗಳನ್ನು ಹಂಚಲು ನೋಡುತ್ತದೆ, ಇಲ್ಲವೇ ಪುಟವೇ ತಕರಾರು ತೆಗೆಯುತ್ತದೆ. ಲ್ಯಾನ್ ವಿಳಾಸವನ್ನು 192.168.37.1 ಮಾಡಿ ಸೇವ್ ಒತ್ತಿದ ಕೂಡಲೇ ಬ್ರೌಸರಿನ ಪುಟ ಸತ್ತಂತಾಗುತ್ತದೆ. ಇಲ್ಲಿ ಗಾಬರಿಯಾಗಿ ರೀಸೆಟ್ ಗುಂಡಿ ಒತ್ತುವವರು ಬಹಳ. ರೌಟರಿಗೆ ಏನೂ ಆಗಿಲ್ಲ. ಅದು ಹೊಸ ವಿಳಾಸಕ್ಕೆ ಹೋಗಿದೆ, ಕಂಪ್ಯೂಟರ್ ಇನ್ನೂ ಹಳೆಯದರಲ್ಲೇ ಇದೆ. ಕೇಬಲ್ ತೆಗೆದು ಹತ್ತು ಸೆಕೆಂಡು ಬಿಟ್ಟು ಚುಚ್ಚಿದರೆ ಹೊಸ ಸಾಲಿನ ವಿಳಾಸ ಸಿಗುತ್ತದೆ, ಬ್ರೌಸರಿನಲ್ಲಿ 192.168.37.1 ಎಂದು ಬರೆದರೆ ಪುಟ ಮತ್ತೆ ತೆರೆಯುತ್ತದೆ.

ಪೂಲ್ ಎಂದರೆ ರೌಟರ್ ತಾನಾಗಿ ಹಂಚಬಹುದಾದ ವಿಳಾಸಗಳ ಸಾಲು. ಇಡೀ 254ನ್ನೂ ಪೂಲಿಗೆ ಕೊಟ್ಟುಬಿಡುವುದು ಸಾಮಾನ್ಯ ತಪ್ಪು. ವಿಳಾಸದ ಕೊನೆಯ ಸಂಖ್ಯೆ 1 ರೌಟರಿಗೆ, 2ರಿಂದ 49 ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ), ಸ್ವಿಚ್ (ಕೇಬಲ್‌ಗಳನ್ನು ಕೂಡಿಸುವ ಡಬ್ಬಿ), ನೆಟ್‌ವರ್ಕ್ ಹಾರ್ಡ್‌ಡಿಸ್ಕ್‌ನಂಥ ಕದಲದ ಸಾಧನಗಳಿಗೆ, 50ರಿಂದ 99 ರೌಟರಿನಲ್ಲೇ ಕಾಯ್ದಿರಿಸುವ ಪ್ರಿಂಟರ್, ಕ್ಯಾಮೆರಾಗಳಿಗೆ, 100ರಿಂದ 249 ಪೂಲ್. ಹೀಗೆ ಬರೆದಿಟ್ಟರೆ ವಿಳಾಸ ನೋಡಿದೊಡನೆಯೇ ಅದು ಯಾವ ಬಗೆಯ ಸಾಧನ ಎಂದು ಹೇಳಬಹುದು. ಒಂದು ಎಚ್ಚರಿಕೆ: ಕೆಲವು ರೌಟರ್‌ಗಳು ಪೂಲಿನ ಆರಂಭ ಮತ್ತು ಕೊನೆಯ ವಿಳಾಸ ಕೇಳುತ್ತವೆ, ಕೆಲವು ಆರಂಭ ಮತ್ತು ಎಷ್ಟು ಎಂದು ಕೇಳುತ್ತವೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ರೌಟರ್ ತಂತ್ರಾಂಶ ಎರಡನೆಯ ಜಾತಿ. ಅದರಲ್ಲಿ ಸ್ಟಾರ್ಟ್ 100, ಲಿಮಿಟ್ 150 ಎಂದಿದ್ದರೆ ಪೂಲ್ 100ರಿಂದ 150ರವರೆಗೆ ಅಲ್ಲ, 249ರವರೆಗೆ ಹೋಗುತ್ತದೆ. 151ರಿಂದ ಮೇಲೆ ಖಾಲಿ ಇದೆ ಎಂದುಕೊಂಡು ಪ್ರಿಂಟರಿಗೆ 200 ಹಾಕಿದರೆ ಅದು ನೇರ ಪೂಲಿನ ನಡುವೆ ಬಿದ್ದಿರುತ್ತದೆ.

ಪೂಲಿನ ನಡುವಿನ ವಿಳಾಸವನ್ನು ಸಾಧನದಲ್ಲಿ ಕೈಯಾರೆ ಹಾಕುವುದೇಕೆ ಅಪಾಯ? ಆ ವಿಳಾಸ ಖರ್ಚಾಗಿದೆ ಎಂಬ ಲೆಕ್ಕ ರೌಟರಿನ ಬಳಿ ಇರುವುದಿಲ್ಲ. ಎಷ್ಟೋ ಸರ್ವರ್‌ಗಳು ವಿಳಾಸ ಕೊಡುವ ಮುಂಚೆ ಒಮ್ಮೆ ಪಿಂಗ್ ಮಾಡಿ, ಅಂದರೆ ಅಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಿ, ನೋಡುತ್ತವೆ, ನಿಜ. ಆದರೆ ಆ ಹೊತ್ತಿಗೆ ಪ್ರಿಂಟರ್ ಆಫ್ ಆಗಿದ್ದರೆ, ಅಥವಾ ಕಂಪ್ಯೂಟರಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದಿದ್ದರೆ, ಖಾಲಿ ಎಂದೇ ಲೆಕ್ಕ. ಬೆಳಿಗ್ಗೆ ಯಾರದೋ ಫೋನಿಗೆ ಆ ವಿಳಾಸ ಹೋಗುತ್ತದೆ, ಮಧ್ಯಾಹ್ನ ಪ್ರಿಂಟರ್ ಆನ್ ಆಗುತ್ತದೆ, ಎರಡೂ ಒಂದೇ ಸಂಖ್ಯೆಗಾಗಿ ಎಳೆದಾಡುತ್ತವೆ. ಇದರ ಲಕ್ಷಣ ಪೂರ್ತಿ ನಿಲ್ಲುವುದಲ್ಲ; ಬಿಟ್ಟು ಬಿಟ್ಟು ಬರುವುದು. ಹತ್ತು ಪುಟದಲ್ಲಿ ಏಳು ಪ್ರಿಂಟ್ ಆಗಿ ಮೂರು ಎಲ್ಲೋ ಮಾಯವಾದರೆ ಕೇಬಲನ್ನು ಬೈಯುವ ಮುಂಚೆ ಇದನ್ನು ನೋಡಿ.

ಹಾಗಾದರೆ ಪ್ರಿಂಟರಿಗೆ ಸದಾ ಒಂದೇ ವಿಳಾಸ ಬೇಡವೇ? ಬೇಕು, ಆದರೆ ಅದನ್ನು ಪ್ರಿಂಟರಿನಲ್ಲಿ ಅಲ್ಲ, ರೌಟರಿನಲ್ಲಿ ಬರೆಯಬೇಕು. ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್, ಐಪಿ ಬೈಂಡಿಂಗ್ ಎಂದು ಬೇರೆ ಬೇರೆ ರೌಟರ್‌ಗಳು ಕರೆಯುವುದು ಇದನ್ನೇ. ಪ್ರಿಂಟರನ್ನು ಆಟೋ ಅಥವಾ ಡಿಎಚ್‌ಸಿಪಿಯಲ್ಲೇ ಬಿಟ್ಟು, ಅದರ ಮ್ಯಾಕ್ ವಿಳಾಸಕ್ಕೆ ಇಂಥದ್ದೇ ಐಪಿ ಎಂದು ರೌಟರಿಗೆ ಹೇಳುವುದು. ಮ್ಯಾಕ್ ಎಂದರೆ ಸಾಧನದ ನೆಟ್‌ವರ್ಕ್ ಭಾಗದ ಗುರುತಿನ ಸಂಖ್ಯೆ: ಎರಡೆರಡರಂತೆ ಆರು ಗುಂಪು, ಒಟ್ಟು 12 ಅಂಕಿ-ಅಕ್ಷರಗಳು. ಸಾಧನದ ಕೆಳಗಿನ ಚೀಟಿಯಲ್ಲಿ ಇರುತ್ತದೆ, ರೌಟರಿನ ಕ್ಲೈಂಟ್ ಪಟ್ಟಿಯಲ್ಲೂ ಸಿಗುತ್ತದೆ. ಪಟ್ಟಿಯಿಂದಲೇ ಆರಿಸುವುದು ಮೇಲು, ಕೈಯಲ್ಲಿ ಬರೆಯುವಾಗ 8 ಮತ್ತು ಬಿ ಅದಲುಬದಲಾಗುತ್ತವೆ. ಕೆಲವು ರೌಟರ್‌ಗಳು ಕಾಯ್ದಿರಿಸಿದ ವಿಳಾಸ ಪೂಲಿನ ಒಳಗೇ ಇರಬೇಕೆಂದು ಹಟ ಹಿಡಿಯುತ್ತವೆ. ಅಂಥಲ್ಲಿ ಪೂಲನ್ನು 50ರಿಂದಲೇ ಶುರುಮಾಡಿ. ರೌಟರಿಗೆ ತಿಳಿದೇ ಕಾಯ್ದಿರಿಸಿದ ವಿಳಾಸವನ್ನು ಅದು ಬೇರೆಯವರಿಗೆ ಕೊಡುವುದಿಲ್ಲ, ಆದ್ದರಿಂದ ಪೂಲಿನ ಒಳಗಿದ್ದರೂ ಕೈಯಾರೆ ಹಾಕಿದ ವಿಳಾಸದ ತೊಂದರೆ ಇದಕ್ಕಿಲ್ಲ. ಕಾಯ್ದಿರಿಸಿ ಸೇವ್ ಮಾಡಿದ ಕೂಡಲೇ ವಿಳಾಸ ಬದಲಾಗದು, ಸಾಧನವನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಮತ್ತೊಂದು ಮರೆವು: ಕೇಬಲಿಗೂ ವೈಫೈಗೂ ಒಂದೇ ಸಾಧನದಲ್ಲಿ ಬೇರೆ ಬೇರೆ ಮ್ಯಾಕ್ ಇರುತ್ತದೆ. ಕೇಬಲಿನ ಮ್ಯಾಕಿಗೆ ಕಾಯ್ದಿರಿಸಿ ವೈಫೈಯಲ್ಲಿ ಪ್ರಿಂಟರ್ ಓಡಿಸಿದರೆ ಫಲವಿಲ್ಲ.

ಫೋನ್‌ಗಳ ವಿಷಯ ಬೇರೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14 ಬಂದಂದಿನಿಂದ, ಅಂದರೆ 2019 ಮತ್ತು 2020ರಿಂದ, ಫೋನ್‌ಗಳು ಜಾಡು ಹಿಡಿಯಲಾಗದಂತೆ ವೈಫೈಯಲ್ಲಿ ತಮ್ಮ ನಿಜವಾದ ಮ್ಯಾಕ್ ಬಚ್ಚಿಟ್ಟು ತಾವೇ ಹುಟ್ಟಿಸಿದ ಮ್ಯಾಕ್ ತೋರಿಸುತ್ತವೆ. ಒಂದೊಂದು ವೈಫೈ ಹೆಸರಿಗೆ ಒಂದೊಂದು. ಅಂಥ ಮ್ಯಾಕನ್ನು ಗುರುತಿಸುವುದು ಸುಲಭ: ಎರಡನೆಯ ಅಂಕಿ 2, 6, ಎ, ಇ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ವೈಫೈ ಹೆಸರು ಬದಲಿಸಿದರೆ ಎಲ್ಲ ಫೋನ್‌ಗಳೂ ರೌಟರಿನ ಕಣ್ಣಿಗೆ ಹೊಸಬರಾಗಿ ಕಾಣುತ್ತವೆ. ಹಳೆಯ ಕಾಯ್ದಿರಿಸುವಿಕೆ ಹೋಯಿತು, ಮಕ್ಕಳ ಫೋನಿಗೆ ಹಾಕಿದ ಸಮಯದ ಮಿತಿಯೂ ಹೋಯಿತು. ನಿಜವಾಗಿ ಸ್ಥಿರ ವಿಳಾಸ ಬೇಕಿರುವ ಫೋನಿನಲ್ಲಿ ಆ ಒಂದು ನೆಟ್‌ವರ್ಕಿಗೆ ಮಾತ್ರ ಈ ಸೌಲಭ್ಯವನ್ನು ಆಫ್ ಮಾಡಬಹುದು. ಎಲ್ಲ ಕಡೆಗೂ ಆಫ್ ಮಾಡುವುದು ಬೇಡ.

ಈಗ ಲೀಸ್. ರೌಟರ್ ಕೊಡುವ ವಿಳಾಸ ದಾನವಲ್ಲ, ಬಾಡಿಗೆ. ಅವಧಿಯ ಅರ್ಧ ಕಳೆದಾಗ ಸಾಧನ ತಾನಾಗಿ ಸರ್ವರನ್ನು ಕೇಳಿ ನವೀಕರಿಸಿಕೊಳ್ಳುತ್ತದೆ. ಉತ್ತರ ಬಾರದಿದ್ದರೆ ಶೇಕಡ 87.5ರಷ್ಟು ಕಳೆದಾಗ ಯಾವ ಸರ್ವರ್ ಆದರೂ ಸರಿ ಎಂದು ಎಲ್ಲರನ್ನೂ ಕೇಳತೊಡಗುತ್ತದೆ. ಅದೂ ಆಗದೆ ಅವಧಿ ಮುಗಿದರೆ ವಿಳಾಸವನ್ನು ಬಿಡಲೇಬೇಕು. ಫೋನ್ ಹೊರಗೆ ಹೋದಾಗ ಸಾಮಾನ್ಯವಾಗಿ ಹೇಳಿ ಹೋಗುವುದಿಲ್ಲ, ಆದ್ದರಿಂದ ಅದು ಹೋದ ಮೇಲೂ ಬಾಡಿಗೆ ಮುಗಿಯುವ ತನಕ ವಿಳಾಸ ಅದರ ಹೆಸರಿನಲ್ಲೇ ಇರುತ್ತದೆ. ಮನೆಯಲ್ಲಿ ಇದರಿಂದ ಏನೂ ಆಗುವುದಿಲ್ಲ, ಜನ ಬಂದು ಹೋಗುವ ಜಾಗದಲ್ಲಿ ಆಗುತ್ತದೆ. ಲೆಕ್ಕ ಹಾಕಿ ನೋಡಿ: ಪೂಲಿನಲ್ಲಿ 100 ವಿಳಾಸ, ಗಂಟೆಗೆ 40 ಹೊಸ ಫೋನ್‌ಗಳು, ಪ್ರತಿಯೊಬ್ಬರೂ ಸುಮಾರು ಒಂದು ಗಂಟೆ ಕೂತು ಹೋಗುತ್ತಾರೆ. ಲೀಸ್ 24 ಗಂಟೆ ಇದ್ದರೆ ಎರಡೂವರೆ ಗಂಟೆಯಲ್ಲಿ ಪೂಲ್ ಬರಿದು. ಒಳಗೆ ಕೂತವರು 40 ಮಂದಿ, ವಿಳಾಸ ಹಿಡಿದುಕೊಂಡವರು 100. ಲೀಸನ್ನು 1 ಗಂಟೆಗೆ ಇಳಿಸಿದರೆ ಒಂದು ಫೋನ್ ಹೆಚ್ಚೆಂದರೆ ಎರಡು ಗಂಟೆ ವಿಳಾಸ ಹಿಡಿದಿರುತ್ತದೆ, ಒಮ್ಮೆಗೆ ಬೇಕಾಗುವುದು 80ರ ಆಸುಪಾಸು, ಪೂಲ್ ಸಾಲುತ್ತದೆ. ಪೂಲ್ ಬರಿದಾದಾಗ ರೌಟರ್ ಯಾವ ಗಂಟೆಯನ್ನೂ ಬಾರಿಸುವುದಿಲ್ಲ, ಹೊಸಬರ ಕೂಗಿಗೆ ಸುಮ್ಮನಿರುತ್ತದೆ. ಮೊದಲೇ ಬಂದವರಿಗೆ ನೆಟ್ ಚೆನ್ನಾಗಿದೆ, ಆಮೇಲೆ ಬಂದವರಿಗೆ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂದು ಸುತ್ತುತ್ತಲೇ ಇರುತ್ತದೆ. ಎಷ್ಟೋ ರೌಟರ್‌ಗಳು ಈ ಪಟ್ಟಿಯನ್ನು ನೆನಪಿನಲ್ಲಷ್ಟೇ ಇಟ್ಟುಕೊಳ್ಳುವುದರಿಂದ ಆಫ್ ಮಾಡಿ ಆನ್ ಮಾಡಿದಾಗ ಅದು ಅಳಿಸಿಹೋಗಿ ಎಲ್ಲ ಸರಿಯಾದಂತೆ ಕಾಣುತ್ತದೆ. ಮೊದಲ ಸಲಹೆಯ ಗುಟ್ಟು ಇಷ್ಟೇ. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಗೋಳು.

ಲೀಸ್ ತುಂಬುವಾಗ ಅಳತೆ ಯಾವುದೆಂದು ನೋಡಿಕೊಳ್ಳಿ. ಕೆಲವು ರೌಟರ್‌ಗಳು ನಿಮಿಷದಲ್ಲಿ ಕೇಳುತ್ತವೆ, ಕೆಲವು ಸೆಕೆಂಡಿನಲ್ಲಿ. 24 ಗಂಟೆ ಎಂದರೆ 1440 ನಿಮಿಷ, 86400 ಸೆಕೆಂಡು. ಸೆಕೆಂಡು ಕೇಳುವ ಕಡೆ 1440 ಬರೆದರೆ ಲೀಸ್ 24 ನಿಮಿಷಕ್ಕೆ ಇಳಿಯುತ್ತದೆ, ಪ್ರತಿ ಸಾಧನವೂ 12 ನಿಮಿಷಕ್ಕೊಮ್ಮೆ ನವೀಕರಣಕ್ಕೆ ಬಂದು ನಿಲ್ಲುತ್ತದೆ. ಮನೆಗೆ 24 ಗಂಟೆ, ಅತಿಥಿಗಳ ವೈಫೈಗೆ 1 ಅಥವಾ 2 ಗಂಟೆ, ಅವೇ ಯಂತ್ರಗಳು ದಿನವೂ ಇರುವ ಕಚೇರಿಗೆ 8 ಗಂಟೆಯಿಂದ ಒಂದು ದಿನ. ನಾವು ಇಡುವುದು ಹೀಗೆ. ಗೇಟ್‌ವೇ (ಹೊರಗಿನ ಇಂಟರ್ನೆಟ್ಟಿಗೆ ದಾರಿಯಾಗುವ ಸಾಧನದ ವಿಳಾಸ) ಅಥವಾ ಡಿಎನ್‌ಎಸ್ (ತಾಣಗಳ ಹೆಸರನ್ನು ಅಂಕಿಯ ವಿಳಾಸವಾಗಿ ತಿಳಿಸುವ ಸರ್ವರ್) ಬದಲಿಸುವ ಯೋಜನೆ ಇದ್ದರೆ ಒಂದು ದಿನ ಮೊದಲೇ ಲೀಸನ್ನು 10 ನಿಮಿಷಕ್ಕೆ ಇಳಿಸಿಡಿ. ಹಾಗೆ ಮಾಡದಿದ್ದರೆ ರೌಟರಿನಲ್ಲಿ ಹೊಸ ಡಿಎನ್‌ಎಸ್ ಬರೆದ ಮೇಲೂ ಸಾಧನಗಳು ಹಳೆಯದನ್ನೇ ಅರ್ಧ ದಿನ ಹಿಡಿದುಕೊಂಡಿರುತ್ತವೆ, ಬದಲಾವಣೆ ಕೆಲಸ ಮಾಡಲಿಲ್ಲ ಎಂದು ಮತ್ತೇನನ್ನೋ ಕೆದಕುವಂತಾಗುತ್ತದೆ.

ನಿಜಕ್ಕೂ 254 ಸಾಲದಿದ್ದರೆ ಮಾಸ್ಕನ್ನು 255.255.254.0 ಮಾಡಿ 510 ವಿಳಾಸ ಪಡೆಯಬಹುದು. ಆದರೆ 37ರ ಜೊತೆಗೆ ಸೇರುವುದು 38 ಅಲ್ಲ, 36. ಜೋಡಿ ಸದಾ ಸಮಸಂಖ್ಯೆಯಿಂದ ಶುರುವಾಗುತ್ತದೆ. ಕೈಯಾರೆ ವಿಳಾಸ ಹಾಕಿದ ಸಾಧನಗಳಲ್ಲೂ ಮಾಸ್ಕ್ ಬದಲಿಸಬೇಕು, ಇಲ್ಲದಿದ್ದರೆ 37ರಲ್ಲಿರುವ ಪ್ರಿಂಟರ್ 36ರಲ್ಲಿರುವ ಕಂಪ್ಯೂಟರನ್ನು ಪಕ್ಕದ ಊರಿನವನೆಂದು ತಿಳಿದು ಉತ್ತರವನ್ನು ಗೇಟ್‌ವೇಗೆ ಒಪ್ಪಿಸುತ್ತದೆ.

ಪೂಲ್ ಮತ್ತು ಲೀಸಿನ ಜೊತೆಗೆ ಅದೇ ಪುಟದಲ್ಲಿ ಗೇಟ್‌ವೇ, ಡಿಎನ್‌ಎಸ್ ಎಂಬ ಎರಡು ಖಾನೆಗಳಿರುತ್ತವೆ. ಗೇಟ್‌ವೇಗೆ ರೌಟರಿನ ಲ್ಯಾನ್ ವಿಳಾಸ. ಅದು ತಪ್ಪಿದರೆ ಒಳಗಿನ ಪ್ರಿಂಟರ್ ಸಿಗುತ್ತದೆ, ಹೊರಗಿನ ಯಾವ ಪುಟವೂ ಸಿಗುವುದಿಲ್ಲ. ಡಿಎನ್‌ಎಸ್ ತಪ್ಪಿದರೆ ಅಂಕಿಯ ವಿಳಾಸಗಳಿಗೆ ಪಿಂಗ್ ಹೋಗುತ್ತದೆ, ಹೆಸರುಗಳು ತೆರೆಯುವುದಿಲ್ಲ, 8.8.8.8 ಎಂಬ ಹೊರಗಿನ ವಿಳಾಸಕ್ಕೆ ಪಿಂಗ್ ಮಾಡಿ ನೋಡಿದರೆ ಇವೆರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ. ಎರಡನೆಯ ಡಿಎನ್‌ಎಸ್ ಖಾನೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಮೊದಲನೆಯದು ಸತ್ತಾಗ ಮಾತ್ರ ಎರಡನೆಯದು ಎಂದುಕೊಳ್ಳುತ್ತಾರೆ. ಅನೇಕ ಸಾಧನಗಳು ಎರಡನ್ನೂ ತಮಗೆ ತೋಚಿದಂತೆ ಬಳಸುತ್ತವೆ. ಜಾಹೀರಾತು ಅಥವಾ ಬೇಡದ ತಾಣಗಳನ್ನು ತಡೆಯುವ ಡಿಎನ್‌ಎಸ್ ಒಂದನ್ನು ಮೊದಲನೆಯದಾಗಿಟ್ಟು, ಎರಡನೆಯದಕ್ಕೆ ಇರಲಿ ಎಂದು ಸಾರ್ವಜನಿಕ ಡಿಎನ್‌ಎಸ್ ಬರೆದರೆ ತಡೆ ಅರ್ಧಕ್ಕರ್ಧ ಸೋರುತ್ತದೆ. ಒಂದೋ ಎರಡೂ ಒಂದೇ ಬಗೆಯವು ಇರಲಿ, ಇಲ್ಲವೇ ಎರಡನೆಯದನ್ನು ಖಾಲಿ ಬಿಡಿ.

ನಾವು ಕಂಡಂತೆ ಅತಿ ಹೆಚ್ಚು ತಲೆನೋವು ತರುವುದು ಇವು ಯಾವುವೂ ಅಲ್ಲ, ಒಂದೇ ನೆಟ್‌ವರ್ಕಿನಲ್ಲಿ ಎರಡು ಡಿಎಚ್‌ಸಿಪಿ ಸರ್ವರ್. ಡಿಸ್ಕವರ್ ಎಂಬ ಕೂಗು ಎಲ್ಲರಿಗೂ ಕೇಳಿಸುವುದರಿಂದ ಯಾರು ಬೇಕಾದರೂ ಉತ್ತರಿಸಬಹುದು, ಸಾಮಾನ್ಯವಾಗಿ ಮೊದಲು ಬಂದ ಉತ್ತರವನ್ನೇ ಸಾಧನ ಹಿಡಿಯುತ್ತದೆ. ವೈಫೈ ದೂರಕ್ಕೆ ಮುಟ್ಟಲಿ ಎಂದು ಹಳೆಯ ರೌಟರೊಂದನ್ನು ತಂದು ಲ್ಯಾನ್ ಪೋರ್ಟಿಗೆ ಚುಚ್ಚಿದಾಗ ಇದು ಶುರು. ಹಳೆಯದು ತನ್ನ ಹಳೆಯ ಪೂಲಿನಿಂದ ವಿಳಾಸ ಹಂಚುತ್ತದೆ, ಗೇಟ್‌ವೇ ಎಂದು ತನ್ನನ್ನೇ ತೋರಿಸುತ್ತದೆ, ಆದರೆ ಇಂಟರ್ನೆಟ್ ಬರಬೇಕಾದ ಅದರ ವ್ಯಾನ್ ಪೋರ್ಟಿನಲ್ಲಿ ಕೇಬಲೇ ಇಲ್ಲ. ಅದರ ಕೈಗೆ ಸಿಕ್ಕವರಿಗೆ ನೆಟ್ ಇಲ್ಲ, ಹೊಸದರ ಕೈಗೆ ಸಿಕ್ಕವರಿಗೆ ಇದೆ. ಇಂದು ಇದ್ದವರಿಗೆ ನಾಳೆ ಇಲ್ಲ.

ಪರಿಹಾರದಲ್ಲಿ ಕ್ರಮ ಮುಖ್ಯ. ಹಳೆಯ ರೌಟರನ್ನು ಬೇರೆ ಮಾಡಿ ಒಂದೇ ಒಂದು ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಕೇಬಲಿನಲ್ಲಿ ಜೋಡಿಸಿ. ಅದರ ಲ್ಯಾನ್ ವಿಳಾಸವನ್ನು 192.168.37.2 ಮಾಡಿ, ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ ಸರ್ವರನ್ನು ಆಫ್ ಮಾಡಿ. ಈ ಒಂದು ಕಡೆ ಮಾತ್ರ ಆಫ್ ಮಾಡುವುದು ಸರಿ. ಆಮೇಲೆ ಮುಖ್ಯ ರೌಟರಿನ ಲ್ಯಾನ್ ಪೋರ್ಟಿನಿಂದ ಇದರ ಲ್ಯಾನ್ ಪೋರ್ಟಿಗೆ ಕೇಬಲ್ ಎಳೆಯಿರಿ, ವ್ಯಾನ್ ಪೋರ್ಟ್ ಖಾಲಿ ಇರಲಿ. ಡಿಎಚ್‌ಸಿಪಿಯನ್ನು ಮೊದಲು ಆಫ್ ಮಾಡಿದರೆ ವಿಳಾಸ ಬದಲಿಸುವಾಗ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ. ಮೇಲಿನ ಕ್ರಮದಲ್ಲೂ ಕೊನೆಯಲ್ಲಿ ಲ್ಯಾಪ್‌ಟಾಪ್ ಅನಾಥವಾಗುತ್ತದೆ, ಆದರೆ ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ರೌಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆ ಇದ್ದರೆ ಇಷ್ಟೂ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ.

ಕಳ್ಳ ಸರ್ವರ್ ಇದೆಯೋ ಇಲ್ಲವೋ ಎಂದು ನೋಡಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮುಖ್ಯ ರೌಟರಿನಲ್ಲಿ ಐದು ನಿಮಿಷ ಡಿಎಚ್‌ಸಿಪಿ ನಿಲ್ಲಿಸಿ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಪರದೆಯಲ್ಲಿ ಐಪಿಕಾನ್ಫಿಗ್ ಆಜ್ಞೆಯನ್ನು ಮೊದಲು ರಿಲೀಸ್ ಜೊತೆ, ಆಮೇಲೆ ರಿನ್ಯೂ ಜೊತೆ ಕೊಡಿ. ಬರೆಯುವುದು ipconfig /release, ipconfig /renew ಎಂದು; ಓರೆಗೆರೆ ಇರಬೇಕು. ವಿಳಾಸ ಬಾರದಿದ್ದರೆ ಬೇರೆ ಯಾರೂ ಇಲ್ಲ. ಬಂದರೆ, ಅದೇ ಆಜ್ಞೆಯನ್ನು ಆಲ್ ಜೊತೆ (ipconfig /all) ಕೊಟ್ಟು ಡಿಎಚ್‌ಸಿಪಿ ಸರ್ವರ್ ಎಂಬ ಸಾಲನ್ನು ಓದಿ, ಕೊಟ್ಟವನ ವಿಳಾಸ ಅಲ್ಲೇ ಇರುತ್ತದೆ. ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಎಂದು ಕಂಪ್ಯೂಟರ್ ಇಟ್ಟುಕೊಂಡ ಪಟ್ಟಿ) ಆ ವಿಳಾಸದ ಮ್ಯಾಕ್ ನೋಡಿ. ಮೊದಲ ಆರು ಅಂಕಿ-ಅಕ್ಷರಗಳು ತಯಾರಕರಿಗೆ ಸೇರಿದ್ದು, ಯಾವ ಕಂಪನಿಯ ಡಬ್ಬಿಯನ್ನು ಹುಡುಕಬೇಕೆಂದು ತಿಳಿಯುತ್ತದೆ. ದೊಡ್ಡ ಜಾಗದಲ್ಲಿ ಸ್ವಿಚ್‌ಗಳಲ್ಲೇ ಡಿಎಚ್‌ಸಿಪಿ ಸ್ನೂಪಿಂಗ್ ಆನ್ ಮಾಡಿ, ನಿಜವಾದ ಸರ್ವರಿನ ಕಡೆಗೆ ಹೋಗುವ ಪೋರ್ಟನ್ನು ಮಾತ್ರ ನಂಬುವಂತೆ ಹೇಳಬೇಕು. ಬೇರೆ ಪೋರ್ಟುಗಳಿಂದ ಬರುವ ಆಫರ್‌ಗಳನ್ನು ಸ್ವಿಚ್ ಅಲ್ಲೇ ಬಿಸಾಡುತ್ತದೆ. ನಂಬಬೇಕಾದ ಪೋರ್ಟನ್ನು ಗುರುತಿಸುವುದು ಮರೆತರೆ ಇಡೀ ಕಟ್ಟಡಕ್ಕೇ ವಿಳಾಸ ನಿಲ್ಲುತ್ತದೆ, ಅದೂ ಒಮ್ಮೆಲೇ ಅಲ್ಲ, ಲೀಸ್ ಮುಗಿದವರಿಗೆ ಒಬ್ಬೊಬ್ಬರಿಗಾಗಿ.

ವಿಳಾಸ ಓದುವುದನ್ನು ಕಲಿತರೆ ಅರ್ಧ ರೋಗಪರೀಕ್ಷೆ ಮುಗಿದಂತೆ. 169.254ರಿಂದ ಶುರುವಾದರೆ ಯಾವ ಸರ್ವರೂ ಉತ್ತರಿಸಲಿಲ್ಲ, ಸಾಧನ ತನಗೆ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ: ಪೂಲ್ ಬರಿದಾಗಿರಬಹುದು, ಕೇಬಲ್ ಸರಿಯಿಲ್ಲದಿರಬಹುದು, ವಿಎಲ್‌ಎಎನ್ (ಒಂದೇ ಸ್ವಿಚ್‌ನಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ತಪ್ಪಿರಬಹುದು. 192.168.137ರಲ್ಲಿದ್ದರೆ ಯಾರೋ ವಿಂಡೋಸ್ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಹಂಚಿಕೆ ಆನ್ ಮಾಡಿದ್ದಾರೆ. 172.20.10 ಕಂಡರೆ ಐಫೋನಿನ ಹಾಟ್‌ಸ್ಪಾಟ್‌ಗೆ ಸೇರಿಕೊಂಡಿದ್ದೀರಿ. ರೌಟರಿನ ವ್ಯಾನ್ ಬದಿಯಲ್ಲಿ 100.64ರಿಂದ 100.127ರವರೆಗಿನದು ಕಂಡರೆ ಇಂಟರ್ನೆಟ್ ಕಂಪನಿ ನಿಮ್ಮನ್ನೂ ಇನ್ನೂ ಹಲವರನ್ನೂ ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದೆ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕರೆಯನ್ನು ಒಳಗಿನ ಸಾಧನಕ್ಕೆ ದಾಟಿಸುವುದು) ಎಷ್ಟು ಮಾಡಿದರೂ ವ್ಯರ್ಥ.

ಸ್ವಿಚ್‌ಗೆ ಜೋಡಿಸಿದ ಕಂಪ್ಯೂಟರ್ ಆನ್ ಮಾಡಿದಾಗ 169.254 ಬಂದು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಸರಿಯಾದ ವಿಳಾಸ ಬರುವುದುಂಟು. ಸ್ವಿಚ್‌ಗಳಲ್ಲಿ ಲೂಪ್ (ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತುವುದು) ತಡೆಯುವ ಸ್ಪ್ಯಾನಿಂಗ್ ಟ್ರೀ ಹೊಸದಾಗಿ ಜೀವ ಬಂದ ಪೋರ್ಟನ್ನು 15 ಸೆಕೆಂಡು ಆಲಿಸಲು, ಇನ್ನೊಂದು 15 ಸೆಕೆಂಡು ಕಲಿಯಲು ಇಟ್ಟುಕೊಳ್ಳುವುದರಿಂದ ಆ 30 ಸೆಕೆಂಡಿನಲ್ಲಿ ಕೂಗಿದ ಡಿಸ್ಕವರ್ ಯಾರಿಗೂ ಮುಟ್ಟುವುದಿಲ್ಲ. ಕಂಪ್ಯೂಟರ್ ಮಾತ್ರ ಜೋಡಿಸಿರುವ ಪೋರ್ಟುಗಳಲ್ಲಿ ಪೋರ್ಟ್‌ಫಾಸ್ಟ್ ಅಥವಾ ಎಡ್ಜ್ ಪೋರ್ಟ್ ಎಂಬುದನ್ನು ಆನ್ ಮಾಡಬೇಕು. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟಿನಲ್ಲಿ ಬೇಡ, ಲೂಪ್ ಆದೀತು. ನೆಟ್‌ವರ್ಕನ್ನು ವಿಎಲ್‌ಎಎನ್‌ಗಳಾಗಿ ಒಡೆದಿದ್ದರೆ ಒಂದರ ಕೂಗು ಇನ್ನೊಂದಕ್ಕೆ ಕೇಳಿಸದು. ಪ್ರತಿಯೊಂದಕ್ಕೂ ಬೇರೆ ಪೂಲ್ ಬೇಕು, ಸರ್ವರ್ ಒಂದೇ ಕಡೆ ಇದ್ದರೆ ಪ್ರತಿ ವಿಎಲ್‌ಎಎನ್‌ನ ಗೇಟ್‌ವೇಯಲ್ಲಿ ಕೂಗನ್ನು ಸರ್ವರಿಗೆ ದಾಟಿಸುವ ರಿಲೇ ಬೇಕು. ಸಿಸ್ಕೊ ಸಾಧನಗಳಲ್ಲಿ ಇದರ ಆಜ್ಞೆ ಐಪಿ ಹೆಲ್ಪರ್-ಅಡ್ರೆಸ್. ಅವುಗಳಲ್ಲೇ ಡಿಎಚ್‌ಸಿಪಿ ಹೊಂದಿಸುವವರು ಹೊರಗಿಡಬೇಕಾದ ವಿಳಾಸಗಳನ್ನು ಎಕ್ಸ್‌ಕ್ಲೂಡೆಡ್-ಅಡ್ರೆಸ್ ಆಜ್ಞೆಯಿಂದ ಪೂಲ್ ಮಾಡುವ ಮುಂಚೆಯೇ ಬರೆಯುವುದು ಒಳಿತು, ಇಲ್ಲದಿದ್ದರೆ ಆ ನಡುವೆಯೇ ಯಾರಿಗೋ ಹೋಗಿಬಿಟ್ಟಿರುತ್ತವೆ.

ಹೊಸ ಬಗೆಯ, ಉದ್ದ ವಿಳಾಸಗಳ ಐಪಿವಿ6ರ ಕತೆ ಬೇರೆ, ಅದಕ್ಕೆ ಇನ್ನೊಂದು ಪತ್ರವೇ ಬೇಕು. ಇಷ್ಟು ನೆನಪಿದ್ದರೆ ಸಾಕು: ಅಲ್ಲಿ ಸಾಧನಗಳು ರೌಟರಿನ ಘೋಷಣೆ ಕೇಳಿ ತಮ್ಮ ವಿಳಾಸವನ್ನು ತಾವೇ ಕಟ್ಟಿಕೊಳ್ಳಬಲ್ಲವು; ಇದೇ ಎಸ್‌ಎಲ್‌ಎಎಸಿ. ಆಂಡ್ರಾಯ್ಡ್ ಫೋನ್‌ಗಳಿಗೆ ಈ ದಾರಿಯೇ ಬೇಕು. ಆದ್ದರಿಂದ ಸರ್ವರೇ ವಿಳಾಸ ಹಂಚುವ ಸ್ಟೇಟ್‌ಫುಲ್ ಡಿಎಚ್‌ಸಿಪಿ ಒಂದನ್ನೇ ನೆಚ್ಚಿ ಎಸ್‌ಎಲ್‌ಎಎಸಿಯನ್ನು ಆಫ್ ಮಾಡಬಾರದು.

ಎಲ್ಲ ಮುಗಿದ ಮೇಲೆ ಮುಖ್ಯ ರೌಟರಿನ ಬ್ಯಾಕಪ್ ಫೈಲ್ ಇಳಿಸಿಕೊಂಡು, ವಿಳಾಸಗಳ ಹಾಳೆಯ ಜೊತೆಗೆ ಇಡಿ. ಆಕ್ಸೆಸ್ ಪಾಯಿಂಟ್ ಮಾಡಿದ ಹಳೆಯ ರೌಟರಿನ ಬೆನ್ನಿಗೆ '192.168.37.2, ಡಿಎಚ್‌ಸಿಪಿ ಆಫ್' ಎಂದು ಚೀಟಿ ಅಂಟಿಸಿ. ಎಂದಾದರೂ ಯಾರಾದರೂ ಅದರ ರೀಸೆಟ್ ಗುಂಡಿ ಒತ್ತಿದರೆ ಅದು ಕಾರ್ಖಾನೆಯ ಬುದ್ಧಿಗೆ ಮರಳಿ ಮತ್ತೆ ವಿಳಾಸ ಹಂಚಲು ಕೂರುತ್ತದೆ, ಅವತ್ತು ಎಲ್ಲಿ ನೋಡಬೇಕೆಂದು ಆ ಚೀಟಿ ಹೇಳುತ್ತದೆ.

ಇಂತಿ,
ನೆಟ್‌ವರ್ಕ್ ನಿರ್ವಹಣೆಯ ಕೆಲಸದಲ್ಲಿರುವ ಇಬ್ಬರು ಓದುಗರು